ನಿದ್ದೆ ಬರ್ತಿಲ್ವಾ? ಹಾಗಾದ್ರೆ ಇನ್ನೂ ಲೇಟಾಗಿ ಮಲಗಿ

ರಾತ್ರಿ ಹನ್ನೊಂದೂವರೆ. ಮನೇಲಿ ಎಲ್ರೂ ಮಲ್ಗಿದಾರೆ, ನಾನೊಬ್ನೇ ಅಡುಗೆಮನೇಲಿ ಸ್ಟೂಲ್ ಹಾಕ್ಕೊಂಡು ಬೆಳಗ್ಗೆ ನೆನೆಹಾಕಿದ ಅವರೆಕಾಳು ಹಿಚುಕ್ತಾ ಕೂತಿದೀನಿ. ಹೆಬ್ಬೆರಳು ತೋರುಬೆರಳ ಮಧ್ಯೆ ಇಟ್ಟು ಒತ್ತಿದ್ರೆ ಬೇಳೆ ಪುಳಕ್ ಅಂತ ಹಾರಿ ಪಾತ್ರೆಗೆ ಬೀಳತ್ತೆ, ಸಿಪ್ಪೆ ಕೈಯಲ್ಲೇ ಉಳಿಯತ್ತೆ, ಮತ್ತೆ ಇನ್ನೊಂದು ಕಾಳು. ಕಣ್ಣು ಎಳೀತಿದೆ, ಆದ್ರೂ ಹನ್ನೆರಡೂವರೆ ತನಕ ಮಂಚದ ಹತ್ರ ಸುಳಿಯಂಗಿಲ್ಲ ಅಂತ ಡಾಕ್ಟ್ರ ಆರ್ಡರ್ರು. ಎರಡು ವರ್ಷ ನಿದ್ದೆ ಇಲ್ದೆ ಒದ್ದಾಡಿದವನಿಗೆ ಕೊಟ್ಟ ಚಿಕಿತ್ಸೆ ಏನಪ್ಪಾ ಅಂದ್ರೆ ಇದೇ, ಬೇಗ ಮಲಗ್ಬೇಡ ಅನ್ನೋದು.

ಕೇಳಿದೋರೆಲ್ಲ ನಕ್ಕರು, ನಾನೂ ನಕ್ಕಿದ್ದೆ. ಆದ್ರೆ ಇದು ನಮ್ಮ ಡಾಕ್ಟ್ರು ಕಂಡುಹಿಡಿದಿದ್ದಲ್ಲ. ಇದಕ್ಕೆ ಸಿಬಿಟಿ-ಐ ಅಂತಾರೆ, ನಿದ್ರಾಹೀನತೆಗೇ ಅಂತ ಮಾಡಿರೋ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದ್ರೆ ಯೋಚನೆ ಅಭ್ಯಾಸ ಎರಡನ್ನೂ ತಿದ್ದೋ ಚಿಕಿತ್ಸೆ. ದೊಡ್ಡೋರಿಗೆ ಹಳೇ ನಿದ್ರಾಹೀನತೆ ಇದ್ರೆ ಮೊದ್ಲು ಇದನ್ನ ಮಾಡಿ ನೋಡಿ, ಮಾತ್ರೆ ಆಮೇಲೆ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹೇಳಿದೆ, ಯುರೋಪಿನ ಗೈಡ್‌ಲೈನೂ 2017ರಲ್ಲಿ ಅದನ್ನೇ ಹೇಳ್ತು. ನಮ್ಮಲ್ಲಿ ಮಾತ್ರ ಇನ್ನೂ ಮಾತ್ರೆನೇ ಮೊದ್ಲು, ಮಾತ್ರೆನೇ ಕೊನೆ.

ನಂದು ಶುರುವಾಗಿದ್ದು ಅಪ್ಪನ್ನ ಆಸ್ಪತ್ರೆಗೆ ಸೇರಿಸಿದಾಗ. ಮೂರು ವಾರ ಐಸಿಯು ಹೊರಗಡೆ ಬೆಂಚಿನ ಮೇಲೆ ಕೋಳಿನಿದ್ದೆ. ಅಪ್ಪ ಹುಷಾರಾಗಿ ಬಂದ್ರು, ವಾಕಿಂಗ್ ಶುರು ಮಾಡಿದ್ರು, ಈಗ ರಾತ್ರಿಯಿಡೀ ಗೊರಕೆ ಹೊಡೀತಾರೆ, ನನ್ನ ನಿದ್ದೆ ಮಾತ್ರ ಆ ಬೆಂಚಿನ ಮೇಲೇ ಬಿಟ್ಟುಬಂದಂಗಾಯ್ತು. ದೊಡ್ಡಮ್ಮ ಬಂದಾಗೆಲ್ಲ ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ ಕಣೋ, ನಿಂಗೇನೋ ಅಂಥ ಚಿಂತೆ ಅನ್ನೋರು. ನಂಗಿದ್ದ ಚಿಂತೆ ಒಂದೇ, ಇವತ್ತು ನಿದ್ದೆ ಬರತ್ತೋ ಇಲ್ವೋ ಅನ್ನೋದು.

ಇದನ್ನೇ ಆರ್ಥರ್ ಸ್ಪೀಲ್‌ಮನ್ ಅನ್ನೋ ಅಮೆರಿಕದ ಮನೋವಿಜ್ಞಾನಿ ಮೂರು ಭಾಗ ಮಾಡಿ ಹೇಳಿದಾರೆ. ಕೆಲವರ ಸ್ವಭಾವನೇ ಹಗುರ ನಿದ್ದೆದು, ಅದು ಒಂದು. ಒಂದು ಘಟನೆ ನಡೆದು ನಿದ್ದೆ ಕೆಡತ್ತೆ, ಅದು ಎರಡು. ಆಮೇಲೆ ಕೆಟ್ಟ ನಿದ್ದೆ ಸರಿಮಾಡಕ್ಕೆ ಅಂತ ನಾವು ಮಾಡ್ಕೊಳೋ ಅಭ್ಯಾಸಗಳಿದಾವಲ್ಲ, ಬೇಗ ಹೋಗಿ ಮಲಗೋದು, ಬೆಳಗ್ಗೆ ಎಂಟರ ತನಕ ಮಂಚ ಬಿಡದೇ ಇರೋದು, ಮಧ್ಯಾಹ್ನ ಊಟ ಆದ್ಮೇಲೆ ಒಂದು ಗಂಟೆ ಉರುಳ್ಕೊಳೋದು, ಅವೇ ಮೂರನೇದು. ಘಟನೆ ಮುಗಿದು ವರ್ಷ ಆದ್ರೂ ಕಾಯಿಲೆ ಉಳಿಯೋದು ಈ ಮೂರನೇದ್ರಿಂದ. ಚಿಕಿತ್ಸೆ ಕೈ ಹಾಕೋದೂ ಅಲ್ಲಿಗೇ.

ಮೊದ್ಲು ಇದು ಆ ಕಾಯಿಲೆನೇನಾ ನೋಡ್ಕೊಳಿ

ವಾರಕ್ಕೆ ಮೂರು ರಾತ್ರಿಯಾದ್ರೂ, ಮೂರು ತಿಂಗಳಿಂದ, ಮಲಗಕ್ಕೆ ಟೈಮು ಜಾಗ ಎರಡೂ ಇದ್ದು ನಿದ್ದೆ ಬರ್ತಿಲ್ಲ ಅಥವಾ ಮಧ್ಯರಾತ್ರಿ ಎಚ್ಚರ ಆದ್ರೆ ಮತ್ತೆ ಹತ್ತಲ್ಲ, ಅದ್ರಿಂದ ಹಗಲು ಕೆಲಸ ಕೆಡ್ತಿದೆ ಅಂದ್ರೆ ಅದು ಕ್ರಾನಿಕ್, ಅಂದ್ರೆ ಹಳೇ ನಿದ್ರಾಹೀನತೆ. ಪರೀಕ್ಷೆ ಹಿಂದಿನ ವಾರ ಬರದೇ ಇರೋದು, ಮದುವೆ ಮನೆ ಗಲಾಟೆಲಿ ಬರದೇ ಇರೋದು ಇದ್ರಲ್ಲಿ ಸೇರಲ್ಲ.

ಒಂದ್ಸಲ ಡಾಕ್ಟ್ರ ಹತ್ರ ಹೋಗಿ ಬನ್ನಿ, ಇದನ್ನ ತಪ್ಪಿಸ್ಬೇಡಿ. ಜೋರು ಗೊರಕೆ, ಮಧ್ಯೆ ಉಸಿರು ನಿಂತು ಗಕ್ ಅಂತ ಏಳೋದು ಇದ್ರೆ ಅದು ಸ್ಲೀಪ್ ಆಪ್ನಿಯ ಇರಬಹುದು, ಅಂಥೋರು ತಾವೇ ನಿದ್ರೆ ಮಾತ್ರೆ ನುಂಗಿದ್ರೆ ಉಸಿರಾಟ ಇನ್ನೂ ಕೆಡಬಹುದು. ರಾತ್ರಿ ಮಲಗಿದ ತಕ್ಷಣ ಕಾಲಲ್ಲಿ ಏನೋ ಹರಿದಾಡಿದಂಗಾಗಿ ಆಡಿಸ್ತಾನೇ ಇರ್ಬೇಕು ಅನ್ಸತ್ತಾ, ಕಬ್ಬಿಣದ ಅಂಶ ಚೆಕ್ ಮಾಡಿಸ್ತಾರೆ. ಥೈರಾಯ್ಡು, ಖಿನ್ನತೆ, ಮುಟ್ಟು ನಿಲ್ಲೋ ವಯಸ್ಸಿನ ಬಿಸಿ ಬೆವರು, ಸ್ಟೀರಾಯ್ಡ್ ಮಾತ್ರೆ, ರಾತ್ರಿ ತಗೊಂಡ್ರೆ ನಾಲ್ಕು ಸಲ ಬಾತ್‌ರೂಮಿಗೆ ಓಡಿಸೋ ಬಿಪಿ ಮಾತ್ರೆ, ಹೀಗೆ ಕಾರಣ ಬೇರೆ ಇದ್ರೆ ಅವರೆಕಾಳು ಹಿಚುಕಿ ಪ್ರಯೋಜನ ಇಲ್ಲ.

ಎರಡು ವಾರ ಲೆಕ್ಕ ಬರೀರಿ

ಒಂದು ಹಳೇ ನೋಟ್‌ಬುಕ್ ಸಾಕು. ಬೆಳಗ್ಗೆ ಎದ್ದ ಮೇಲೆ, ರಾತ್ರಿ ಅಲ್ಲ, ನಾಲ್ಕು ವಿಷಯ ಅಂದಾಜಲ್ಲಿ ಬರೀಬೇಕು: ಎಷ್ಟೊತ್ತಿಗೆ ಮಂಚಕ್ಕೆ ಹೋದೆ, ಸುಮಾರು ಎಷ್ಟೊತ್ತಿಗೆ ನಿದ್ದೆ ಹತ್ತಿತು, ಮಧ್ಯೆ ಎಷ್ಟು ಹೊತ್ತು ಎಚ್ಚರ ಇದ್ದೆ, ಎಷ್ಟೊತ್ತಿಗೆ ಎದ್ದೆ. ಗಡಿಯಾರ ನೋಡ್ಬೇಡಿ, ನೋಡಿದ್ರೆ ಅಯ್ಯೋ ಮೂರಾಯ್ತು ಇನ್ನು ಮೂರೇ ಗಂಟೆ ಅಂತ ಲೆಕ್ಕ ಹಾಕಕ್ಕೆ ಶುರು, ಇದ್ದ ಜೊಂಪೂ ಹೋಯ್ತು. ಸ್ಮಾರ್ಟ್‌ವಾಚ್ ಕೂಡ ಬಿಚ್ಚಿಡಿ. ಅದು ಸ್ಲೀಪ್ ಸ್ಕೋರ್ ಐವತ್ತೆರಡು ಅಂತ ತೋರಿಸಿದ ದಿನ ಚೆನ್ನಾಗೇ ಮಲಗಿದ್ರೂ ಸುಸ್ತಾದಂಗಾಗೋದು, ನನ್ನ ಅನುಭವ.

ಈಗ ಭಾಗಾಕಾರ. ನಾನು ಹತ್ತಕ್ಕೆ ಹೋಗಿ ಬೆಳಗ್ಗೆ ಏಳಕ್ಕೆ ಏಳ್ತಿದ್ದೆ, ಅಂದ್ರೆ ಮಂಚದ ಮೇಲೆ 9 ಗಂಟೆ, 540 ನಿಮಿಷ. ನಿಜವಾಗ್ಲೂ ನಿದ್ದೆ ಮಾಡಿದ್ದು ಸರಾಸರಿ ಐದೂವರೆ ಗಂಟೆ, 330 ನಿಮಿಷ. ನೂರಕ್ಕೆ 61. ಉಳಿದ ಮೂರೂವರೆ ಗಂಟೆ ದಿನಾ ಮಗ್ಗುಲು ಬದಲಾಯಿಸ್ತಾ ಫ್ಯಾನ್ ನೋಡೋ ಅಭ್ಯಾಸ ಮಾಡ್ಕೊಂಡಿದ್ದೆ, ಅದನ್ನ ಅಕ್ಕಿ ಲೆಕ್ಕದ ಹಾಗೆ ಕಾಗದದ ಮೇಲೆ ನೋಡೋ ತನಕ ಗೊತ್ತೇ ಆಗಿರ್ಲಿಲ್ಲ.

ಮಂಚದ ಟೈಮ್ ಕತ್ತರಿಸಿ

ಐದೂವರೆ ಗಂಟೆ ನಿದ್ದೆ ಬರ್ತಿದ್ಯಾ, ಹಾಗಾದ್ರೆ ಮಂಚದ ಮೇಲೆ ಇರೋದೂ ಐದೂವರೆ ಗಂಟೆನೇ. ಮೊದ್ಲು ಏಳೋ ಟೈಮ್ ಗಟ್ಟಿ ಮಾಡಿ, ಭಾನುವಾರ ಯುಗಾದಿ ಏನೇ ಇದ್ರೂ ಅದೇ ಟೈಮು, ನಂದು ಆರು. ಅಲ್ಲಿಂದ ಹಿಂದಕ್ಕೆ ಎಣಿಸಿದ್ರೆ ಹನ್ನೆರಡೂವರೆ. ಹಗಲು ನಿದ್ದೆ ಬಂದ್. ಲೆಕ್ಕ ಎಷ್ಟೇ ಕಮ್ಮಿ ಬಂದ್ರೂ ಐದು ಗಂಟೆಗಿಂತ ಕೆಳಗೆ ಇಳೀಬಾರದು. ಸ್ಪೀಲ್‌ಮನ್ 1987ರಲ್ಲಿ ಹೇಳಿದ ವಿಧಾನ ಇದು, ಇದರೊಳಗಿನ ಕೆಲಸ ಸರಳ: ಎಚ್ಚರ ಇದ್ದಷ್ಟು ಹೊತ್ತು ಮೆದುಳಲ್ಲಿ ಅಡೆನೋಸಿನ್ ಅನ್ನೋ ವಸ್ತು ಸೇರ್ತಾ ಹೋಗತ್ತೆ, ಸೇರಿದಷ್ಟೂ ನಿದ್ದೆ ಒತ್ತಡ ಜಾಸ್ತಿ. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಅಂತಾರಲ್ಲ, ಆ ಹಸಿವನ್ನ ಬೇಕಂತ್ಲೇ ಕಟ್ಟೋದು. ಕಾಫಿ ಮಾಡೋ ಕಿತಾಪತಿನೂ ಇದೇ ಜಾಗದಲ್ಲಿ, ಕೆಫೀನು ಅಡೆನೋಸಿನ್ನಿನ ಸೀಟಲ್ಲಿ ಹೋಗಿ ಕೂತ್ಕೊಳತ್ತೆ, ಐದು ಗಂಟೆ ಆದ್ರೂ ಸುಮಾರು ಅರ್ಧ ಮೈಯಲ್ಲೇ ಇರತ್ತೆ, ಅದಕ್ಕೇ ಮಧ್ಯಾಹ್ನದ ಮೇಲಿನ ಫಿಲ್ಟರ್ ಕಾಫಿ ಬಿಡಿ. ಬಿಡೋದು ಕಷ್ಟ, ಗೊತ್ತು.

ಮೊದಲ ವಾರ ನರಕ, ಸುಳ್ಳು ಹೇಳಲ್ಲ. ಮಧ್ಯಾಹ್ನ ಮೀಟಿಂಗಲ್ಲಿ ತೂಕಡಿಸಿ ಹಣೆ ಲ್ಯಾಪ್‌ಟಾಪಿಗೆ ಹೊಡ್ಕೊಂಡೆ, ಗಾಡಿ ಮನೇಲಿಟ್ಟು ಬಸ್ಸಲ್ಲಿ ಓಡಾಡ್ದೆ. ಡ್ರೈವರ್ ಕೆಲಸದೋರು, ಮಷೀನ್ ಮೇಲೆ ಕೆಲಸ ಮಾಡೋರು, ಫಿಟ್ಸ್ ಇರೋರು, ಬೈಪೋಲಾರ್ ಅನ್ನೋ ಮನಸ್ಸಿನ ಕಾಯಿಲೆ ಇರೋರು ಇದನ್ನ ತಾವೇ ಮಾಡಂಗಿಲ್ಲ, ನಿದ್ದೆ ಕಮ್ಮಿ ಆದ್ರೆ ಫಿಟ್ಸ್ ಬರಬಹುದು, ಮೇನಿಯಾ, ಅಂದ್ರೆ ಮನಸ್ಸಿನ ಅತಿ ಉದ್ರೇಕ, ಕೆರಳಬಹುದು. ಆದ್ರೆ ಆ ವಾರದ ಕೊನೇಲಿ ಲೆಕ್ಕ ಹಾಕಿದ್ರೆ 330 ನಿಮಿಷದಲ್ಲಿ 290 ನಿಮಿಷ ನಿದ್ದೆ, ನೂರಕ್ಕೆ 88. 85 ದಾಟಿದ್ರೆ ಹದಿನೈದು ನಿಮಿಷ ಬೋನಸ್, ಮುಂದಿನ ವಾರ ಹನ್ನೆರಡೂ ಕಾಲಕ್ಕೆ ಮಲಗಬಹುದು. 80ರಿಂದ 85ರ ಮಧ್ಯೆ ಇದ್ರೆ ಅಲ್ಲೇ ಇರಿ, ಅದಕ್ಕಿಂತ ಇಳಿದ್ರೆ ಹದಿನೈದು ನಿಮಿಷ ವಾಪಸ್ ಕೊಡಿ. ಹಿಂಗೇ ವಾರ ವಾರ. ನಾನು ಎಂಟು ವಾರದಲ್ಲಿ ಹನ್ನೊಂದೂ ಕಾಲಕ್ಕೆ ಬಂದು ನಿಂತೆ, ಮಧ್ಯೆ ಮೂರು ವಾರ ಒಂದು ನಿಮಿಷನೂ ಮುಂದಕ್ಕೆ ಹೋಗ್ಲಿಲ್ಲ.

ಬರ್ಲಿಲ್ವಾ, ಎದ್ದು ಬನ್ನಿ

ಮಲಗಿ ಅಂದಾಜು ಇಪ್ಪತ್ತು ನಿಮಿಷ ಆದ್ರೂ ಬರ್ಲಿಲ್ಲ ಅಂದ್ರೆ ಎದ್ದು ಬೇರೆ ರೂಮಿಗೆ ಹೋಗಿ, ಮಂದ ಬೆಳಕಲ್ಲಿ ಏನಾದ್ರೂ ಬೋರಿಂಗ್ ಕೆಲಸ ಮಾಡಿ, ಕಣ್ಣು ಭಾರ ಆದ್ಮೇಲೆ ವಾಪಸ್ ಬನ್ನಿ, ಮತ್ತೆ ಬರ್ಲಿಲ್ಲ ಅಂದ್ರೆ ಮತ್ತೆ ಏಳಿ. ಒಂದು ರಾತ್ರಿ ಐದು ಸಲ ಎದ್ದಿದೀನಿ ನಾನು. ರಿಚರ್ಡ್ ಬೂಟ್ಜಿನ್ ಅನ್ನೋ ಅಮೆರಿಕದ ಮನೋವಿಜ್ಞಾನಿ 1972ರಲ್ಲಿ ಹೇಳಿದ್ದು ಇದು, ಮಂಚ ಅಂದ್ರೆ ಮೆದುಳಿಗೆ ನಿದ್ದೆ ನೆನಪಾಗ್ಬೇಕು, ನಮ್ಮಂಥೋರಿಗೆ ಮಂಚ ಅಂದ್ರೆ ಯುದ್ಧ ನೆನಪಾಗತ್ತೆ. ಸೋಫಾ ಮೇಲೆ ಟಿವಿ ಮುಂದೆ ತೂಕಡಿಸಿ, ಮಂಚಕ್ಕೆ ಹೋದ ತಕ್ಷಣ ಕಣ್ಣು ಬಿಡೋರು ಎಷ್ಟು ಜನ ಇದೀವಿ ನೋಡಿ. ಅದಕ್ಕೇ ಮಂಚದ ಮೇಲೆ ಮೊಬೈಲು, ಆಫೀಸ್ ಕೆಲಸ, ಊಟ, ಗಂಡ-ಹೆಂಡತಿ ಜಗಳ ಯಾವುದೂ ಬೇಡ.

ಬೋರಿಂಗ್ ಕೆಲಸಕ್ಕೆ ನಂಗೆ ಸಿಕ್ಕಿದ್ದು ಅವರೆಕಾಳು, ಡಿಸೆಂಬರ್ ಆಗಿತ್ತಲ್ಲ. ಬಟ್ಟೆ ಮಡಚಿ, ಸೊಪ್ಪು ಬಿಡಿಸಿ, ಏನೋ ಒಂದು, ಸ್ಕ್ರೀನ್ ಇರಬಾರದು ಅಷ್ಟೇ. ಜಾಗ ಇಲ್ಲದ ಮನೆಯೋರು, ಮಗು ಪಕ್ಕ ಮಲಗೋ ತಾಯಂದ್ರು ಏಳಕ್ಕಾಗಲ್ಲ ಅಂದ್ರೆ ಮಂಚದ ಮೇಲೇ ಗೋಡೆಗೊರಗಿ ಕೂತ್ಕೊಳಿ.

ತಲೆ ಓಡೋದು ನಿಲ್ಲಲ್ಲ ಅಂತೀರಾ, ಸಂಜೆ ಆರೂವರೆಗೆ ಹದಿನೈದು ನಿಮಿಷ ಚಿಂತೆಗೇ ಅಂತ ಇಟ್ಟುಬಿಡಿ, ಎಲ್ಲಾ ಬರೆದು ಪುಸ್ತಕ ಮುಚ್ಚಿ. ಎಂಟು ಗಂಟೆ ನಿದ್ದೆ ಆಗ್ಲೇಬೇಕು ಅನ್ನೋ ಹಟನೂ ಬಿಡಿ, ಎಲ್ಲರಿಗೂ ಒಂದೇ ಅಳತೆ ಇಲ್ಲ.

ಮಾತ್ರೆ, ಗಸಗಸೆ, ಅಶ್ವಗಂಧ

ನಿದ್ದೆಗೆ ಅಂತ ಕೊಡೋ ಆಲ್ಪ್ರಜೋಲಮ್, ಜೋಲ್ಪಿಡೆಮ್ ಇವೆರಡೂ ನಮ್ಮ ದೇಶದಲ್ಲಿ ಶೆಡ್ಯೂಲ್ ಎಚ್‌1 ಮಾತ್ರೆಗಳು, ಡಾಕ್ಟ್ರ ಚೀಟಿ ಇಲ್ದೆ ಕೊಡಂಗಿಲ್ಲ, ಅಂಗಡಿಯೋರು ರಿಜಿಸ್ಟರಲ್ಲಿ ಬರ್ಕೋಬೇಕು. ನಂಗೆ ಒಂದು ಅಂಗಡೀಲಿ ಹಳೇ ಸ್ಟ್ರಿಪ್ ತೋರಿಸಿದ್ದಕ್ಕೇ ಕೊಟ್ಟಿದ್ರು, ಆರು ತಿಂಗಳು ನುಂಗ್ದೆ, ಅರ್ಧ ಮಾತ್ರೆ ಒಂದಾಯ್ತು, ಒಂದು ಒಂದೂವರೆ ಆಯ್ತು. ಸ್ವಲ್ಪ ದಿನಕ್ಕೆ ಡಾಕ್ಟ್ರು ಕೊಟ್ಟ್ರೆ ತಪ್ಪಿಲ್ಲ. ಆದ್ರೆ ತಿಂಗಳುಗಟ್ಟಲೆ ತಗೊಂಡೋರು ಈ ಲೇಖನ ಓದಿ ನಾಳೆಯಿಂದ್ಲೇ ನಿಲ್ಲಿಸಿಬಿಡ್ಬೇಡಿ, ತಕ್ಷಣ ನಿಲ್ಲಿಸಿದ್ರೆ ಫಿಟ್ಸ್ ಬರೋ ಅಪಾಯ ಇದೆ, ಡಾಕ್ಟ್ರು ವಾರಗಟ್ಟಲೆ ಸ್ವಲ್ಪ ಸ್ವಲ್ಪನೇ ಇಳಿಸ್ತಾರೆ. ವಯಸ್ಸಾದೋರು ರಾತ್ರಿ ಬಾತ್‌ರೂಮಿಗೆ ಎದ್ದು ಬಿದ್ದು ಸೊಂಟ ಮುರ್ಕೊಳೋದಕ್ಕೂ ಈ ಮಾತ್ರೆಗಳು ಒಂದು ಕಾರಣ. ಮೆಲಟೋನಿನ್ ಜೆಟ್‌ಲ್ಯಾಗಿಗೆ ಸರಿ, ಹಳೇ ನಿದ್ರಾಹೀನತೆಗೆ ಬೇಡ ಅಂತ ಅಮೆರಿಕದ ನಿದ್ರಾ ವೈದ್ಯರ ಸಂಘ 2017ರಲ್ಲಿ ಹೇಳಿತ್ತು. ಒಂದು ಪೆಗ್ ಹಾಕಿದ್ರೆ ನಿದ್ದೆ ಬರತ್ತೆ ನಿಜ, ಎರಡು ಮೂರು ಗಂಟೆಗೆ ಎಬ್ಬಿಸೋದೂ ಅದೇ.

ಮನೆಮದ್ದಿನಲ್ಲಿ ಬೈಯೋ ಅಂಥದ್ದೇನಿಲ್ಲ. ಹಬ್ಬದ ದಿನ ಗಸಗಸೆ ಪಾಯಸ ಕುಡಿದು ಚಾಪೆ ಮೇಲೆ ಬಿದ್ಕೊಳೋ ಸುಖ ನಂಗೂ ಇಷ್ಟ, ಅದ್ರಲ್ಲಿ ಅರ್ಧ ಕೆಲಸ ಹೋಳಿಗೆ ಊಟದ್ದು ಅಂತ ನನ್ನ ಅನುಮಾನ. (ದುಬೈಗೆ ಮಗನ ಮನೆಗೆ ಹೋಗೋರು ಗಸಗಸೆ ಕಟ್ಕೊಂಡು ಹೋಗ್ಬೇಡಿ, ಅಲ್ಲಿ ಅದು ನಿಷೇಧ.) ಜಾಯಿಕಾಯಿ ಹಾಲಿಗೆ ಚಿಟಿಕೆ ಸಾಕು, ಚಮಚಗಟ್ಟಲೆ ತೇಯ್ದು ಹಾಕಿದ್ರೆ ವಿಷ, ಭ್ರಮೆ ಬರತ್ತೆ. ಅಶ್ವಗಂಧದ ಮೇಲೆ ಸಣ್ಣ ಸಣ್ಣ ಅಧ್ಯಯನಗಳಲ್ಲಿ ಸ್ವಲ್ಪ ಲಾಭ ಕಂಡಿದೆ, ಕೆಲವರಿಗೆ ಲಿವರ್ ತೊಂದರೆ ಆಗಿದ್ದೂ ಇದೆ, ಥೈರಾಯ್ಡ್ ಮಾತ್ರೆ ತಗೊಳೋರು ಕೇಳದೇ ಮುಟ್ಬೇಡಿ. ಅಂಗಾಲಿಗೆ ಹರಳೆಣ್ಣೆ ಉಜ್ಜಿ, ಹಾಯಾಗಿರತ್ತೆ. ಮಲಗೋಕೆ ಒಂದೆರಡು ಗಂಟೆ ಮುಂಚೆ ಬಿಸಿನೀರಿನ ಸ್ನಾನಕ್ಕೆ ಮಾತ್ರ ನಿಜವಾಗ್ಲೂ ಪುರಾವೆ ಇದೆ, ಸ್ನಾನ ಆದ್ಮೇಲೆ ಮೈ ತಣ್ಣಗಾಗ್ತಾ ಬರತ್ತೆ, ಆ ಇಳಿಕೆಗೆ ನಿದ್ದೆ ಹತ್ತತ್ತೆ.

ಒಬ್ರೇ ಮಾಡಕ್ಕೆ ಧೈರ್ಯ ಇಲ್ಲದೇ ಇದ್ರೆ ಸೈಕಾಲಜಿಸ್ಟ್ ಹತ್ರ ಸಿಬಿಟಿ-ಐ ಗೊತ್ತಾ ಅಂತ ಕೇಳಿ, ಸಾಮಾನ್ಯವಾಗಿ ನಾಲ್ಕರಿಂದ ಎಂಟು ಸಿಟ್ಟಿಂಗ್. ಮನಸ್ಸು ತುಂಬಾ ಕುಗ್ಗಿದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ 14416, ಫೋನ್ ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಮೂರಕ್ಕೂ ಎತ್ತಾರೆ.

ನಮ್ಮನೇಲಿ ಆ ಚಳಿಗಾಲ ಪೂರ್ತಿ ಹಿತಕಬೇಳೆ ಸಾರು, ಹಿತಕಬೇಳೆ ಉಪ್ಪಿಟ್ಟು, ಹಿತಕಬೇಳೆ ಹುಗ್ಗಿ. ಅಪ್ಪ ಸಾಕು ಮಾರಾಯ ಅಂದ್ರು. ಶಿವರಾತ್ರಿಗೆ ದೊಡ್ಡಮ್ಮ ಫೋನ್ ಮಾಡಿ, ಹೆಂಗಿದ್ರೂ ನಿಂಗೆ ನಿದ್ದೆ ಬರಲ್ವಲ್ಲ, ದೇವಸ್ಥಾನದಲ್ಲಿ ಜಾಗರಣೆಗೆ ನನ್ ಜೊತೆ ಕೂತ್ಕೋ ಬಾ ಅಂದ್ರು. ಹೋದೆ. ಎರಡನೇ ಜಾವದ ಪೂಜೆ ಮಂಗಳಾರತಿಗೆ ಗಂಟೆ ಹೊಡೀತಿದ್ರೂ ಕಂಬಕ್ಕೊರಗಿ ಬಾಯಿ ಬಿಟ್ಕೊಂಡು ನಿದ್ದೆ ಹೊಡೀತಿದ್ನಂತೆ, ದೊಡ್ಡಮ್ಮ ಇನ್ನೂ ಸಿಟ್ಟಲ್ಲೇ ಇದಾರೆ.