ಹೊಸ ಟ್ಯಾಂಕ್ ಆಮೇಲೆ, ಮೊದಲು ಸೋರಿಕೆ ಹಿಡಿಯೋಣ ಅಂದೆ: ಒಬ್ಬ ಕೌನ್ಸಿಲರ್ ಅನುಭವ

ಕೌನ್ಸಿಲರ್ ಆಗಿ ಇದು ನನ್ನ ಎರಡನೇ ಅವಧಿ. ಮೊದಲನೇದು ಪೂರ್ತಿ ಫೋನ್ ಎತ್ತೋದ್ರಲ್ಲೇ ಹೋಯ್ತು, ಅದ್ರಲ್ಲೂ ಮುಕ್ಕಾಲು ಪಾಲು ನೀರಿನ ಫೋನು. ಉತ್ತರ ಒಂದೇ, ಟ್ಯಾಂಕರ್ ಕಳಿಸ್ತೀನಿ. ಕಳಿಸ್ತಾನೂ ಇದ್ದೆ. ವಾರ್ಡ್ ಗ್ರಾಂಟಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಟ್ಯಾಂಕರ್ ಬಿಲ್ಲಿಗೇ ಹೋಗ್ತಿತ್ತು, ಚರಂಡಿಗೆ, ಬೀದಿದೀಪಕ್ಕೆ ಅಂತ ಯಾರಾದ್ರೂ ಬಂದ್ರೆ ಕೈ ಖಾಲಿ. ಬಜೆಟ್ ಮೀಟಿಂಗಲ್ಲಿ ಎಲ್ರೂ ಹೊಸ ಓವರ್‌ಹೆಡ್ ಟ್ಯಾಂಕ್ ಬೇಕು ಅಂದಾಗ ನಾನೊಬ್ಬನೇ ಎದ್ದು, ಇರೋ ನೀರು ಎಲ್ಲಿ ಹೋಗ್ತಿದೆ ನೋಡೋಣ, ಒಂದು ವರ್ಷ ಟೈಮ್ ಕೊಡಿ ಅಂದೆ. ನಕ್ರು. ಟ್ಯಾಂಕ್ ಕಟ್ಟಿದ್ರೆ ಹೆಸರಾದ್ರೂ ಉಳಿಯುತ್ತೆ, ನೆಲದೊಳಗಿನ ಸೋರಿಕೆ ನಿಲ್ಸಿದ್ರೆ ಯಾರಿಗ್ರೀ ಕಾಣ್ಸುತ್ತೆ ಅಂತ ಹಿರಿಯ ಸದಸ್ಯರೊಬ್ರು ಮುಖಕ್ಕೇ ಹೇಳಿದ್ರು. ಈಗ ಬೇರೆ ವಾರ್ಡಿನವರು ನಮ್ಮಲ್ಲಿಗೆ ನೋಡೋಕೆ ಬರ್ತಿದಾರೆ, ಅದಕ್ಕೇ ಬರೀತಿದೀನಿ.

ಸೋರಿಕೆ ಹುಡುಕೋ ವಿಧಾನ ಇಷ್ಟೇ. ರಾತ್ರಿ 2ರಿಂದ 4ರ ತನಕ ಬಳಕೆ ತೀರಾ ಕಮ್ಮಿ, ಆಗ್ಲೂ ಓಡೋ ನೀರು ಬಹುಪಾಲು ಸೋರಿಕೇನೇ. ಆ ಹೊತ್ತಲ್ಲಿ ಲೈನ್ ಚಾರ್ಜ್ ಮಾಡಿಟ್ಟು, ಅಂದ್ರೆ ಪೈಪಿಗೆ ನೀರು ಬಿಟ್ಟು, ಬಲ್ಕ್ ಮೀಟರ್ (ಇಡೀ ಲೈನಿಗೆ ಹೋಗೋ ನೀರು ಅಳೆಯೋ ದೊಡ್ಡ ಮೀಟರ್) ನೋಡೋದು, ಆಮೇಲೆ ಒಂದೊಂದೇ ಬೀದಿ ವಾಲ್ವ್ ಮುಚ್ತಾ ಹೋಗಿ ಯಾವ ಬೀದಿ ಮುಚ್ಚಿದಾಗ ಮೀಟರ್ ಓಟ ಇಳೀತು ಅಂತ ಬರ್ಕೊಳ್ಳೋದು.

ಮೊದಲ ರಾತ್ರಿ ಪೂರ್ತಿ ದಂಡ. ಮನೆ ಮೇಲಿನ ಟ್ಯಾಂಕುಗಳು ಬೆಳಗಿನ ತನಕ ತುಂಬ್ತಾ ಇದ್ವು, ನಾವು ಅದನ್ನೇ ಸೋರಿಕೆ ಅನ್ಕೊಂಡು ಲೆಕ್ಕ ಹಾಕಿದ್ವಿ. ಎರಡನೇ ಸಲಕ್ಕೆ ಮನೆ ಮನೆಗೆ ಹೋಗಿ, ಮಲಗೋ ಮುಂಚೆ ಹೊರಗಿನ ವಾಲ್ವ್ ಮುಚ್ಚಿ ಅಂತ ಕೇಳ್ಕೊಂಡೆ, 640 ಕನೆಕ್ಷನಲ್ಲಿ ಒಂದು 500 ಮನೆಯವರು ಮಾಡಿದ್ರು ಅನ್ಸುತ್ತೆ. ಉಳಿದವರನ್ನ ಹೇಗೆ ಒಪ್ಪಿಸ್ದೆ ಅನ್ನೋದು ನನ್ನ ಹತ್ರಾನೇ ಇರ್ಲಿ. ಅಷ್ಟಾದ್ರೂ ಲೆಕ್ಕ ಕೂಡ್ಲಿಲ್ಲ, ಮುಚ್ಚಿದ ಬೀದೀಲೂ ನೀರು ಹರೀತಿತ್ತು. ನಮ್ಮ ಹಳೇ ವಾಲ್ವ್‌ಮನ್ ಒಬ್ರು ವಾಲ್ವ್ ತಿರುಗಿಸೋ ಉದ್ದನೆ ಕೀ ತುದಿಗೆ ಕಿವಿಯಿಟ್ಟು, ಇದು ಮುಚ್ಚಿಲ್ಲ ಸಾರ್, ಉಸಿರಾಡ್ತಿದೆ ಅಂದ್ರು. ಬಿಚ್ಚಿ ನೋಡಿದ್ರೆ ಒಳಗಿನ ಗೇಟು ತುಕ್ಕು ತಿಂದು ಅರ್ಧ ಇಲ್ಲ. ಅವತ್ತಿಂದ ನನಗೆ ಡ್ರಾಯಿಂಗಿಗಿಂತ ಅವರ ಕಿವಿ ಮೇಲೆ ನಂಬಿಕೆ. ಡ್ರಾಯಿಂಗಲ್ಲಿದ್ದಿದ್ದು 14 ವಾಲ್ವ್, ಹುಡುಕಿದ್ರೆ ಸಿಕ್ಕಿದ್ದು 19, ಐದು ಡಾಂಬರಿನ ಕೆಳಗೆ ಹೂತುಹೋಗಿದ್ವು.

ದುಡ್ಡು ಕಳ್ಕೊಂಡಿದ್ದು ಅಗೆಯೋದ್ರಲ್ಲಿ. ನೆಲ ಒದ್ದೆ ಇದ್ದಲ್ಲೇ ತೂತು ಅಂತ ಮೂರು ಕಡೆ ಗುಂಡಿ ತೋಡ್ಸಿದೆ, ಮೂರರಲ್ಲೂ ಪೈಪ್ ಗಟ್ಟಿಯಾಗೇ ಇತ್ತು. ನೀರು ಪೈಪಿನ ಸುತ್ತ ಇರೋ ಮರಳಲ್ಲೇ ಹರ್ಕೊಂಡು ಇಳಿಜಾರಿಗೆ ಹೋಗಿ ಏಳುತ್ತೆ, ತೂತು ಇರೋದು ಎಲ್ಲೋ ಮೇಲೆ. ಆ ಮೂರು ಗುಂಡಿ ಮುಚ್ಚಿಸಿ ರಸ್ತೆ ಸರಿ ಮಾಡ್ಸೋ ಖರ್ಚು ಬಜೆಟ್ಟಿನ ಯಾವ ತಲೆಬರಹಕ್ಕೂ ಬರಲ್ಲ ಅಂದ್ರು, ನನ್ನ ಎರಡು ತಿಂಗಳ ಗೌರವಧನ ಅಲ್ಲೇ ಮುಗೀತು. ಆಮೇಲೆ ರಾಡ್ ಹಿಡಿದು ಕೇಳೋದು ಕಲ್ತೆ, ಅಂದ್ರೆ ರಾಡಿನ ಒಂದು ತುದಿ ಪೈಪಿಗೆ ಒತ್ತಿ ಇನ್ನೊಂದು ತುದಿಗೆ ಕಿವಿಯಿಟ್ಟು ಸೋರೋ ಸದ್ದು ಹುಡುಕೋದು. ಕಬ್ಬಿಣದ ಪೈಪಲ್ಲಿ ಸುಯ್ ಅನ್ನೋ ಸದ್ದು ದೂರದಿಂದ್ಲೇ ಸಿಗುತ್ತೆ, ಪಿವಿಸಿಲಿ ಹತ್ತಿರ ಹೋದ್ರೂ ಕಷ್ಟ. ಪಿವಿಸಿಗೆ ನಾವು ಬೇರೆ ಒಂದು ದಾರಿ ಮಾಡ್ಕೊಂಡಿದೀವಿ, ಅದು ಇನ್ನೊಂದು ವರ್ಷ ನಡೆದ್ಮೇಲೆ ಬರೀತೀನಿ.

ಮಧ್ಯೆ ಕ್ಲೋರಿನ್ ಕಿಟ್ ತಗೊಂಡು ಒದ್ದೆ ಇರೋ ಕಡೆ ನೀರೆಲ್ಲ ಟೆಸ್ಟ್ ಮಾಡ್ದೆ. ಲೈನಿನ ನೀರಿಗೆ ಕ್ಲೋರಿನ್ ಹಾಕಿರ್ತಾರೆ, ಹಾಗಾಗಿ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ನಮ್ಮ ಲೈನಿನ ನೀರೇ. ತಿರುಗದಿದ್ರೆ ನಮ್ದಲ್ಲ ಅಂತ ಹೇಳೋಕಾಗಲ್ಲ, ಮಣ್ಣು ಕ್ಲೋರಿನ್ ತಿಂದುಬಿಡುತ್ತೆ. ಆದ್ರೂ ಎರಡು ಕಡೆ ನಮ್ಮ ಕೆಲಸ ಕಮ್ಮಿ ಆಯ್ತು.

ಆರು ಸೋರಿಕೆ ಮುಚ್ಚಿದ ವಾರಕ್ಕೇ ಎರಡು ಹೊಸದಾಗಿ ಒಡೆದ್ವು. ಆಗ ಬೇಜಾರಾಗಿ ಬಿಟ್ಟೇಬಿಡೋಣ ಅನ್ಸಿತ್ತು. ತೂತು ಮುಚ್ಚಿದಷ್ಟೂ ಲೈನಲ್ಲಿ ಪ್ರೆಷರ್ ಏರುತ್ತೆ, ಹಳೇ ಜಾಯಿಂಟ್ ತಡೆಯಲ್ಲ. ರಾತ್ರಿ ಪ್ರೆಷರ್ ತಗ್ಗಿಸೋಕೆ ರೆಡ್ಯೂಸಿಂಗ್ ವಾಲ್ವ್ ಹಾಕ್ಸಿದ್ಮೇಲೇ ನಿಂತಿದ್ದು. ಮೊದಲೇ ಹಾಕ್ಸಬೇಕಿತ್ತು, ಇದೊಂದು ಮಾತ್ರ ನೀವು ಹಿಂದೆಮುಂದೆ ಮಾಡ್ಬೇಡಿ.

ನೆನಪಿದ್ದಷ್ಟು ಲೆಕ್ಕ ಹೇಳ್ತೀನಿ. ಶುರುವಲ್ಲಿ ರಾತ್ರಿ ಗಂಟೆಗೆ 11 ಸಾವಿರ ಲೀಟರ್ ಓಡ್ತಿತ್ತು, ಈಗ 4 ಸಾವಿರದ ಆಸುಪಾಸು, ಅಂದ್ರೆ ಗಂಟೆಗೊಂದು ಟ್ಯಾಂಕರಿಗಿಂತ ಜಾಸ್ತಿ ನೆಲಕ್ಕೆ ಹೋಗ್ತಿದ್ದಿದ್ದು ನಿಂತಿದೆ. ಒಟ್ಟು ಖರ್ಚು ಹೊಸ ಟ್ಯಾಂಕಿನ ಎಸ್ಟಿಮೇಟಲ್ಲಿ ಇಪ್ಪತ್ತನೇ ಒಂದು ಭಾಗ ಇರ್ಬೋದು, ಅದ್ರಲ್ಲಿ ಅರ್ಧ ರಸ್ತೆ ಮುಚ್ಚೋಕೆ. ಟ್ಯಾಂಕರ್ ಬಿಲ್ಲು ಕಾಲು ಭಾಗಕ್ಕೆ ಇಳಿದಿದೆ, ಮಿಕ್ಕಿದ ದುಡ್ಡಲ್ಲಿ ಹಿಂದಿನ ಬೀದಿ ಚರಂಡಿ ಆಯ್ತು.

ಮೀಟರ್ ಮುಖದ ಮೇಲೆ ಒಂದು ಚಿಕ್ಕ ಕೆಂಪು ತ್ರಿಕೋನ ಇರುತ್ತಲ್ಲ, ಸ್ವಲ್ಪ ನೀರು ಹೋದ್ರೂ ಅಲ್ಲಾಡೋದು. ಒಂದು ರಾತ್ರಿ ಮೂರು ಗಂಟೆ ಹೊತ್ತಿಗೆ, ಪೂರ್ತಿ ಸರಿಮಾಡಿದ ಮೊದಲ ಬೀದೀಲಿ ಟಾರ್ಚ್ ಬಿಟ್ಟು ನೋಡ್ದಾಗ ಅದು ನಿಂತುಬಿಟ್ಟಿತ್ತು. ವಾಲ್ವ್‌ಮನ್ ಗ್ಲಾಸ್ ಒರೆಸಿ ಇನ್ನೊಂದ್ಸಲ ನೋಡಿದ್ರು, ನಾನೂ ನೋಡ್ದೆ, ಇಬ್ರೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ವಿ.

ಅವತ್ತು ಮೀಟಿಂಗಲ್ಲಿ ಹಾಗಂದಿದ್ದ ಹಿರಿಯರು ಮೊನ್ನೆ ಫೋನ್ ಮಾಡಿ ಆ ವಾಲ್ವ್‌ಮನ್ನ ಒಂದು ವಾರಕ್ಕೆ ಕಳಿಸ್ತೀರಾ ಅಂದ್ರು, ಕಳಿಸ್ದೆ. ಅವರು ವಾಪಸ್ ಬಂದ್ಮೇಲೆ ನಮ್ಮ ಉಳಿದ 4 ಸಾವಿರದ ಹಿಂದೆ ಬೀಳ್ಬೇಕು, ಅದೂ ಮಳೆಗೆ ಮುಂಚೆ. ಮಳೆ ಹಿಡಿದ್ರೆ ನೆಲವೆಲ್ಲ ಒದ್ದೆ, ರಾಡಲ್ಲಿ ಸದ್ದೂ ಸರಿಯಾಗಿ ಸಿಗಲ್ಲ.