ಸಿವಿಟಿ ಕಾರನ್ನ ಘಾಟಿಲಿ ಓಡಿಸೋದು ಹೇಗೆ, ಹಳೇದು ತಗೊಂಡ್ರೆ ಏನೇನು ನೋಡ್ಬೇಕು

ಚಿಕ್ಕಮಗಳೂರಲ್ಲಿ ಸಿವಿಟಿ ಕಾರು, ಅಂದ್ರೆ ಗೇರ್ ಹಂತಗಳೇ ಇಲ್ಲದ ಆಟೋಮ್ಯಾಟಿಕ್ ಕಾರು, ತಗೊತೀನಿ ಅಂದ್ರೆ ಸಾಕು, ಘಾಟಿಗೆ ಆಗಲ್ಲ ಬಿಡಿ, ಗೇರ್‌ಬಾಕ್ಸ್ ಹೋದ್ರೆ ಮುಗೀತು ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಗೇರ್‌ಬಾಕ್ಸ್ ಹೋದ್ರೆ ಖರ್ಚು ಭಾರಿ ಅನ್ನೋದು ನಿಜ. ಘಾಟಿಗೆ ಆಗಲ್ಲ ಅನ್ನೋದು ಸುಳ್ಳು, ಆದ್ರೆ ಈ ಗೇರ್‌ಬಾಕ್ಸನ್ನ ಕೊಲ್ಲೋದು ಬಿಸಿ ಮತ್ತೆ ತಪ್ಪು ಆಯಿಲ್, ಇವೆರಡನ್ನ ನೋಡ್ಕೊಂಡ್ರೆ ಬಾಳಿಕೆ ಬರುತ್ತೆ.

ಮೊದ್ಲು ಒಳಗೇನಿದೆ ನೋಡಿ. ಒಂದು, ಎರಡು, ಮೂರು ಅಂತ ಗೇರೇ ಇಲ್ಲ. ಎರಡು ಪುಲ್ಲಿ, ಅವುಕ್ಕೊಂದು ಬೆಲ್ಟು, ಅಷ್ಟೇ. ಒಂದೊಂದು ಪುಲ್ಲಿಲೂ ಓರೆ ಮುಖದ ಎರಡು ತಟ್ಟೆ, ಅದ್ರಲ್ಲಿ ಒಂದು ಆಯಿಲ್ ಪ್ರೆಶರ್‌ಗೆ ಹಿಂದೆ ಮುಂದೆ ಸರಿಯುತ್ತೆ, ತಟ್ಟೆ ಹತ್ರ ಬಂದಾಗ ಬೆಲ್ಟು ಅಂಚಿಗೆ ಏರುತ್ತೆ, ದೂರ ಹೋದಾಗ ನಡುವಿಗೆ ಇಳಿಯುತ್ತೆ. ಹೊರಡೋವಾಗ ಇಂಜಿನ್ ಕಡೆ ಪುಲ್ಲಿಲಿ ಬೆಲ್ಟು ನಡುವಲ್ಲಿ, ಚಕ್ರದ ಕಡೆದ್ರಲ್ಲಿ ಅಂಚಲ್ಲಿ. ಸ್ಪೀಡ್ ಏರ್ತಾ ಉಲ್ಟಾ ಆಗುತ್ತೆ. ಮನೇಲಿರೋ ಆಕ್ಟಿವಾದಲ್ಲೂ ಇದೇ ತತ್ವ, ಅಲ್ಲಿ ರಬ್ಬರ್ ಬೆಲ್ಟು. ಡಚ್ಚರ ಡಾಫ್ ಕಂಪನಿ 1958ರಲ್ಲೇ ರಬ್ಬರ್ ಬೆಲ್ಟಿನ ಕಾರು ತೋರಿಸಿತ್ತು. ಈಗಿನ ಕಾರಲ್ಲಿ ಹೆಚ್ಚಾಗಿ ಇರೋದು ನೂರಾರು ಸಣ್ಣ ಸ್ಟೀಲ್ ಬಿಲ್ಲೆ ಪೋಣಿಸಿದ ಬೆಲ್ಟು, ಮಜಾ ಏನಂದ್ರೆ ಅದು ಎಳೆಯೋದಲ್ಲ, ತಳ್ಳೋದು. ತಟ್ಟೆ ಬಿಗಿಯಾಗಿ ಒತ್ತಿದ್ರೆ ಮಾತ್ರ ಅದಕ್ಕೆ ಹಿಡಿತ, ಒಂದ್ಸಲ ಜಾರಿದ್ರೆ ತಟ್ಟೆಗೆ ಗೀರು ಬೀಳುತ್ತೆ, ಆಮೇಲೆ ರಿಪೇರಿ ಕಷ್ಟ.

ನಂಬಬಹುದಾ? ಎಲ್ಲಾ ಕಂಪನಿದೂ ಒಂದೇ ಅಲ್ಲ. ಅಮೆರಿಕದಲ್ಲಿ ನಿಸ್ಸಾನ್ 2003ರಿಂದ 2010ರ ಮಾಡೆಲ್‌ಗಳ ಸಿವಿಟಿ ವಾರಂಟಿನ 10 ವರ್ಷ ಇಲ್ಲಾ 1,20,000 ಮೈಲಿಗೆ ಏರಿಸಬೇಕಾಯ್ತು, ಅಷ್ಟು ದೂರು ಬಂದಿತ್ತು. ಇನ್ನು ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ದನ್ನ ಇ-ಸಿವಿಟಿ ಅಂತಾರಲ್ಲ, ಅದ್ರಲ್ಲಿ ಬೆಲ್ಟೇ ಇಲ್ಲ, ಅದರ ಲೆಕ್ಕ ಬೇರೆ.

ಈಗ ಚಾರ್ಮಾಡಿ ಘಾಟಿ ಅಂದ್ಕೊಳ್ಳಿ. ಹತ್ತೋವಾಗ ಆಕ್ಸಲರೇಟರ್ ಹದವಾಗಿ ಒತ್ತಿ, ಇಂಜಿನ್ ಕೂಗ್ತು ಅಂತ ಹೆದರ್ಬೇಡಿ, ಅದು ಸಿವಿಟಿ ಸ್ವಭಾವ. ಜಾಮ್ ಆಗಿ ಏರಲ್ಲಿ ನಿಂತ್ರೆ ಬ್ರೇಕಲ್ಲೇ ನಿಲ್ಸಿ, ಆಕ್ಸಲರೇಟರಲ್ಲಿ ಹಿಡ್ಕೊಂಡು ನಿಲ್ಲೋದು ಬೇಡ, ಬಿಸಿ ಏರೋದೇ ಅಲ್ಲಿ. ಇಳಿಯೋವಾಗ ಗೇರ್ ಲಿವರನ್ನ ಎಲ್ (ಲೋ) ಇಲ್ಲಾ ಎಸ್ (ಸ್ಪೋರ್ಟ್) ಗೆ ಹಾಕಿ ಇಂಜಿನ್ ಬ್ರೇಕ್ ತಗೊಳ್ಳಿ, ಅಂದ್ರೆ ಇಂಜಿನ್ನೇ ಕಾರಿನ ವೇಗ ತಡೀಲಿ, ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡೋರು ಇದಾರೆ, ಬೇಡ. ಮಳೆಗಾಲ ತೋಟದ ದಾರಿಲಿ ಕೆಸರಲ್ಲಿ ಚಕ್ರ ಸಿಕ್ಕೊಂಡ್ರೆ ಸುಮ್ನೆ ತಿರುಗಿಸ್ತಾ ಕೂರ್ಬೇಡಿ, ಸುತ್ತೋ ಚಕ್ರಕ್ಕೆ ತಟಕ್ಕನೆ ಹಿಡಿತ ಸಿಕ್ಕಿದ್ರೆ ಆ ಹೊಡೆತ ಬೆಲ್ಟಿಗೆ ಬೀಳುತ್ತೆ.

ಆಯಿಲ್ ವಿಷಯದಲ್ಲಿ ರಾಜಿ ಬೇಡ. ಮ್ಯಾನುವಲಲ್ಲಿ ಬರೆದಿರೋ ಸಿವಿಟಿ ಆಯಿಲೇ ಹಾಕ್ಸಿ, ಮಾಮೂಲಿ ಆಟೋಮ್ಯಾಟಿಕ್ ಗೇರ್ ಆಯಿಲ್ ನಡಿಯುತ್ತೆ ಅಂದ ಗ್ಯಾರೇಜಿಂದ ಕಾರು ವಾಪಸ್ ತಗೊಂಡು ಬನ್ನಿ. ಘಾಟಿ ಓಡಾಟ ಜಾಸ್ತಿ ಇದ್ರೆ ಹೇಳಿದ್ದಕ್ಕಿಂತ ಸ್ವಲ್ಪ ಮುಂಚೆನೇ ಬದಲಾಯಿಸೋದು ಒಳ್ಳೇದು.

ಹಳೇದು ತಗೊಳ್ಳೋರು ಆಯಿಲ್ ಬದಲಾಯಿಸಿದ ಬಿಲ್ ಕೇಳಿ, ಬೆಳಿಗ್ಗೆ ತಣ್ಣಗಿರೋವಾಗ ಸ್ಟಾರ್ಟ್ ಮಾಡಿ, ಕೈಮರ ದಾಟಿ ಮುಳ್ಳಯ್ಯನಗಿರಿ ಏರು ಹತ್ತಿಸಿ ನೋಡಿ. ಹೊರಡೋವಾಗ ನಡುಗಿದ್ರೆ, ಕೊಯ್ಯಂತ ಸದ್ದು ಬಂದ್ರೆ, ಇಂಜಿನ್ ಏರಿ ಕಾರು ಏರದಿದ್ರೆ ಬಿಟ್ಟುಬಿಡಿ. ದಾರಿಲಿ ಕೆಟ್ರೆ ಹಗ್ಗ ಕಟ್ಟಿ ಎಳೆಸ್ಬೇಡಿ, ಇಂಜಿನ್ ನಿಂತಿದ್ರೆ ಆಯಿಲ್ ಪಂಪೂ ತಿರುಗಲ್ಲ, ಒಣಗೇ ಸವೆಯುತ್ತೆ, ಕಾರನ್ನ ಪೂರ್ತಿ ಮೇಲೆ ಹೇರ್ಕೊಂಡು ಹೋಗೋ ಫ್ಲಾಟ್‌ಬೆಡ್ ಲಾರಿನೇ ಕರ್ಸಿ.