ಲಾಟ್ವಿಯಾದ ಹಳೆ ನೋಟು ಸಿಕ್ರ ಹೆಂಗ ಬರೆದಿಡೋದು

ರಾಯಚೂರಾಗ ಹಳೆ ನೋಟು ಅಂದ್ರ ನಿಜಾಮರ ಕಾಲದ ನೋಟೇ ಮೊದ್ಲು ನೆನಪಾಗೋದು, ಆದ್ರ ಎರಡು ಮಹಾಯುದ್ಧಗಳ ನಡುವಿನ, ಯುರೋಪಿನ ಸಣ್ಣ ದೇಶ ಲಾಟ್ವಿಯಾದ ನೋಟು ಒಮ್ಮೆ ಕೈಯಾಗ ಹಿಡಿದು ನೋಡ್ರಿ, ಕೆಳಗ ಇಡೋ ಮನಸ್ಸಾಗಂಗಿಲ್ಲ.

ಮೊದ್ಲು ನೋಟಿನ ಮ್ಯಾಲಿರೋ ರೊಕ್ಕದ ಹೆಸರು ನೋಡ್ರಿ. ರೂಬಲ್ ಇದ್ರ 1919ರಿಂದ ಶುರುವಾದ ಮೊದಲಿನ ನೋಟು, ಲಾಟ್ಸ್ ಇದ್ರ 1922ರಿಂದ ಈಚೆಗಿನದು, ಆಗ 50 ರೂಬಲ್‌ಗೆ 1 ಲಾಟ್ಸ್ ಅಂತ ಲೆಕ್ಕ ಹಿಡಿದ್ರು. ಇವೆರಡರ ನಡುವ ನನಗ ಭಾಳ ಇಷ್ಟದ್ದೊಂದು ಐತಿ, 500 ರೂಬಲ್ ನೋಟಿನ ಮ್ಯಾಲೇ 10 ಲಾಟ್ಸ್ ಅಂತ ಮತ್ತೊಮ್ಮೆ ಪ್ರಿಂಟ್ ಹೊಡೆದದ್ದು. ಅದನ್ನ ಬರೇ 500 ರೂಬಲ್ ಅಂತ ಬರೆದ್ರ ತಪ್ಪಾಗ್ತದ, ಮ್ಯಾಲಿನ ಪ್ರಿಂಟಿನ ಬಣ್ಣ, ಜಾಗ ಎರಡೂ ಬರೀಬೇಕು.

ಆಮ್ಯಾಲೆ ಯಾರು ಹೊರಡಿಸಿದ್ದು ಅಂತ ನೋಡ್ರಿ, ನಮ್ಮಲ್ಲಿ ಒಂದು ರೂಪಾಯಿ ನೋಟು ಸರ್ಕಾರದ್ದು, ಉಳಿದವು ರಿಸರ್ವ್ ಬ್ಯಾಂಕಿನವು ಇದ್ದಂಗ ಅಲ್ಲೂ ಖಜಾನೆ ನೋಟು ಬೇರೆ, ಲಾಟ್ವಿಯಾ ಬ್ಯಾಂಕಿನ ನೋಟು ಬೇರೆ. ವರ್ಷ, ಸೀರೀಸ್, ನಂಬರ್, ಸಹಿ, ಮಿಲಿಮೀಟರ್‌ನಾಗ ಉದ್ದ ಅಗಲ ಎಲ್ಲಾ ಬರ್ಕೊಳ್ರಿ.

ಕಂಡೀಷನ್‌ಗೆ ಮೊಬೈಲ್ ಟಾರ್ಚ್ ಹಿಂದ ಹಿಡೀರಿ, ವಾಟರ್‌ಮಾರ್ಕ್ ಜೊತಿಗೆ ಪಿನ್ ತೂತು, ಗೋಂದು ಹಚ್ಚಿ ತೇಪೆ ಹಾಕಿದ್ದೂ ಕಾಣ್ತದ. ‘ಚಲೋ ಐತಿ’ ಅಂತ ಬರೆದ್ರ ಯಾರಿಗೂ ಉಪಯೋಗಿಲ್ಲ, ‘ನಡುವ ಉದ್ದಕ ಒಂದು ಮಡಿಕೆ, ಬಲಗಡೆ ಮ್ಯಾಲಿನ ಮೂಲಿ ಸವೆದದ, ಪಿನ್ ತೂತು ಎರಡು’ ಅಂತ ಬರೆದ್ರ ಕೊಳ್ಳೋರಿಗೆ ನೋಟು ಕಣ್ಣಿಗೆ ಕಟ್ತದ.

ಇಸ್ತ್ರಿ ಹೊಡೀಬ್ಯಾಡ್ರಿ, ತೊಳೀಬ್ಯಾಡ್ರಿ, ಲ್ಯಾಮಿನೇಷನ್ ಅಂತೂ ಬ್ಯಾಡೇ ಬ್ಯಾಡ. ನಮ್ಮ ಬಿಸಿಲಿಗೆ ಅಗ್ಗದ ಪಿವಿಸಿ ಕವರ್ ನೋಟಿಗೇ ಅಂಟ್ಕೋತಾವ, ಸ್ವಲ್ಪ ರೊಕ್ಕ ಹೆಚ್ಚಾದ್ರೂ ಮೈಲಾರ್ (ಪಾಲಿಯೆಸ್ಟರ್ ಪ್ಲಾಸ್ಟಿಕ್) ಕವರ್ ತರಿಸ್ರಿ, ತಗಡಿನ ಕೆಳಗ ಅಟ್ಟದ ಮ್ಯಾಲೆ ಇಡಬ್ಯಾಡ್ರಿ, ಬೀರುವಿನ ಕೆಳಗಿನ ಅರಿಯಾಗ ಇಡ್ರಿ.